ದಿಬ್ಬದಿಂದ ಹನ್ನೆರಡು ಹೆಜ್ಜೆ

ಎರೆ ಭೂಮಿಯಲ್ಲಿ ಸತ್ತವರನ್ನು ಹೂಳುವುದು ಹುಡುಗಾಟವಲ್ಲ. ಬೇಸಿಗೆಯಲ್ಲಿ ಆ ಮಣ್ಣು ಮೊಣಕಾಲು ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಹೊಟ್ಟೆಯಲ್ಲಿ ಇಟ್ಟದ್ದು ಇಟ್ಟ ಹಾಗೆ ಉಳಿಯುವುದಿಲ್ಲ. ಅದಕ್ಕಾಗಿಯೇ ಮೊರಬದ ಆಚೆಗಿರುವ ಆ ಸಣ್ಣ ಊರಿನ ಮುಸಲ್ಮಾನರು, ಅಜ್ಜ ಮುತ್ತಜ್ಜರ ಕಾಲದಿಂದ, ಹಳ್ಳದ ದಂಡೆಯ ಹರಳಿನ ದಿಬ್ಬದ ಹಿಂದೆ ಖಬರಸ್ತಾನ ಮಾಡಿಕೊಂಡಿದ್ದರು. ಅಲ್ಲಿ ನೆಲ ಗರಸು. ನೀರು ನಿಲ್ಲುವುದಿಲ್ಲ, ಮಣ್ಣು ಬಿರಿಯುವುದಿಲ್ಲ, ಅಗೆಯುವವನ ರಟ್ಟೆಯೂ ಬೇಗ ಸೋಲುವುದಿಲ್ಲ.

ಹಳ್ಳವೆಂದರೆ ಎಂಟು ತಿಂಗಳು ಒಣಗಿ ಬಿದ್ದಿದ್ದು ನಾಲ್ಕು ತಿಂಗಳು ಯಾರ ಮಾತನ್ನೂ ಕೇಳದ ಹಳ್ಳ. ಧಾರವಾಡದ ಕಡೆಯ ಗುಡ್ಡಗಳಲ್ಲಿ ಬಿರುಮಳೆ ಹೊಡೆದರೆ ಸಾಕು, ಇಲ್ಲಿ ಬಿಸಿಲು ಇರುವಾಗಲೇ ಕೆಂಪು ನೀರು ಬಂದು ನಿಲ್ಲುತ್ತದೆ. ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಗುಡ್ಡದ ಬೆಣಚುಕಲ್ಲನ್ನು ಉರುಳಿಸಿ, ತಿಕ್ಕಿ, ನುಣ್ಣಗೆ ಮಾಡಿ ತರುತ್ತದೆ. ಹಳ್ಳ ಡೊಂಕು ತಿರುಗುವಲ್ಲಿ ಆ ಹರಳೆಲ್ಲ ವರ್ಷದ ಮೇಲೆ ವರ್ಷ ಬಿದ್ದು ಆಳೆತ್ತರದ ದಿಬ್ಬವಾಗಿತ್ತು. ದಿಬ್ಬದ ಮುಂದೆ ಹಳ್ಳ, ಹಿಂದೆ ಖಬರಸ್ತಾನ, ಅದರ ಹಿಂದೆ ಕುಬೇರಪ್ಪನ ಹತ್ತಿ ಹೊಲ, ಆಮೇಲೆ ಊರು.

ಇಸ್ಮಾಯಿಲಸಾಬನಿಗೆ ಆ ದಿಬ್ಬವನ್ನು ಓದಲು ಬರುತ್ತಿತ್ತು. ಶಾಲೆಗೆ ಹೋದವನಲ್ಲ, ಆದರೆ ದಿಬ್ಬದ ಮುಂದೆ ನಿಲ್ಲಿಸಿದರೆ ಯಾವ ಕಲ್ಲನ್ನು ಯಾವ ಮಳೆ ತಂದಿತು ಎಂದು ಹೇಳುತ್ತಿದ್ದ. ನೆತ್ತಿಯ ಮೇಲೆ ತೆಂಗಿನಕಾಯಿ ಗಾತ್ರದ ಕಲ್ಲು ಕೂತಿದ್ದರೆ ಅದು ದೊಡ್ಡ ಮಳೆಯ ಕೆಲಸ, ಸಣ್ಣ ನೀರಿಗೆ ಅಷ್ಟು ಮೇಲೆ ಎತ್ತುವ ತಾಕತ್ತಿಲ್ಲ. ಅದರ ಕೆಳಗೆ ಲಿಂಬೆಹಣ್ಣಿನಷ್ಟು, ಬುಡದಲ್ಲಿ ಕಡಲೆಯಷ್ಟು, ಇನ್ನೂ ಕೆಳಗೆ ಉಸುಕು. ಹೀಗೆ ದಿಬ್ಬ ತನ್ನಷ್ಟಕ್ಕೇ ಜರಡಿ ಹಿಡಿದುಕೊಂಡಿರುತ್ತದೆ. ದೊಡ್ಡ ಮಳೆ ಬಂದಾಗ ಕದಡುತ್ತದೆ, ನೀರಿಳಿದ ಮೇಲೆ ಮತ್ತೆ ಅದೇ ರೂಪಕ್ಕೆ ಬರುತ್ತದೆ. ಅದೇ ರೂಪಕ್ಕೆ ಬರುತ್ತದೆ ಎನ್ನುವುದೇ ಇಸ್ಮಾಯಿಲಸಾಬನ ಕಣ್ಣು ಕಟ್ಟಿತು.

ಖಬರ ತೋಡುವುದು ಅವನ ಮನೆತನದ ಕೆಲಸ. ಇದಕ್ಕೆ ಅವನು ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ, ಹೊಟ್ಟೆಗೆ ಬೇರೆ ಎರಡು ಎಕರೆ ಹೊಲವಿತ್ತು. ಆ ಊರಲ್ಲಿ ಪಕ್ಕಾ ಗೋರಿ ಕಟ್ಟುವ ಪದ್ಧತಿ ಇಲ್ಲ, ಹೆಸರು ಕೆತ್ತಿದ ಕಲ್ಲೂ ಇಲ್ಲ. ಹೂತ ಮೇಲೆ ದಿಬ್ಬದಿಂದ ಬಿಳಿ ಹರಳು ಆರಿಸಿ ತಂದು ಸುತ್ತ ಒಂದು ಸಾಲು ಇಡುತ್ತಾರೆ, ಅಷ್ಟೇ. ಮಳೆಗಾಲದಲ್ಲಿ ಹಳ್ಳ ಉಕ್ಕಿ ಖಬರಸ್ತಾನದ ಮೇಲೆ ಒಂದೆರಡು ದಿನ ಹರಿದರೆ ಆ ಸಾಲುಗಳೆಲ್ಲ ಚೆಲ್ಲಾಪಿಲ್ಲಿ. ನೀರಿಳಿದು ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಇಸ್ಮಾಯಿಲಸಾಬ ಬುಟ್ಟಿ ಹಿಡಿದು ಹೋಗಿ ಒಂದೊಂದು ಖಬರಿಗೂ ಹೊಸದಾಗಿ ಹರಳು ಕೂಡಿಸುತ್ತಿದ್ದ.

ಯಾರದು ಎಲ್ಲಿ ಎಂಬುದು ಅವನ ತಲೆಯಲ್ಲಿತ್ತು. ಹಳ್ಳಕ್ಕೆ ಇಳಿಯುವ ಕಾಲುದಾರಿಯಿಂದ ಎಡಕ್ಕೆ ಎಷ್ಟನೆಯ ಸಾಲು ಎಂದು ಮೊದಲು ನೋಡಬೇಕು. ಆಮೇಲೆ ದಿಬ್ಬದ ನೆತ್ತಿಯ ಮೇಲೆ ನಿಂತು, ಊರಿಗೆ ಮುಖ ಮಾಡಿ, ಹೆಜ್ಜೆ ಎಣಿಸುತ್ತ ಇಳಿಯಬೇಕು. ಈ ಲೆಕ್ಕ ಅಪ್ಪ ಕಲಿಸಿದ್ದು. ಮನೆ ಬೀಳುತ್ತವೆ, ಗಿಡ ಕಡಿಯುತ್ತಾರೆ, ಹೊಲದ ಬದುವನ್ನು ಮನುಷ್ಯರು ಸರಿಸುತ್ತಾರೆ, ದಿಬ್ಬವನ್ನು ಸರಿಸುವವರು ಯಾರೂ ಇಲ್ಲ ಎಂದು ಅಪ್ಪ ಹೇಳಿದ್ದ. ಅವನ ಕಾಲಕ್ಕೆ ಅದು ಸುಳ್ಳಾಗಿರಲಿಲ್ಲ.

ದಿಬ್ಬಕ್ಕೆ ಎಲ್ಲಕ್ಕಿಂತ ಹತ್ತಿರ ಇದ್ದದ್ದು ಮಕ್ಕಳ ಸಾಲು. ಚಿಕ್ಕವರಿಗೆ ಆಳ ಬೇಕಾಗಿಲ್ಲ, ಸೊಂಟದವರೆಗೆ ತೋಡಿದರೆ ಸಾಕು, ಹಗುರ ನೆಲ ಇರಲಿ ಎಂದು ಹಿರಿಯರು ಅಲ್ಲಿ ಜಾಗ ಬಿಟ್ಟಿದ್ದರು. ಹಲೀಮಾಬಿಯ ಮೂರು ತಿಂಗಳ ಕೂಸು ಅಲ್ಲಿತ್ತು. ಇನ್ನೂ ಏಳೆಂಟು ಮನೆಯ ಮಕ್ಕಳಿದ್ದರು. ಇಸ್ಮಾಯಿಲಸಾಬನ ಮಗಳು ಜಾಸ್ಮಿನ್ ಕೂಡ ಅಲ್ಲಿಯೇ. ದಿಬ್ಬದಿಂದ ಹನ್ನೆರಡು ಹೆಜ್ಜೆ.

ಮದುವೆಯಾಗಿ ಹದಿನೇಳು ವರ್ಷದ ಮೇಲೆ, ಎಲ್ಲರೂ ಆಸೆ ಬಿಟ್ಟಾಗ ಹುಟ್ಟಿದವಳು ಆಕೆ. ಆರು ವರ್ಷ ಮನೆ ತುಂಬ ಓಡಾಡಿ, ಐದು ದಿನದ ಜ್ವರದಲ್ಲಿ ಹೋದಳು. ಅದಾಗಿ ಹನ್ನೊಂದು ವರ್ಷ. ಅವಳ ಖಬರನ್ನು ಅವನೇ ತೋಡಿದ್ದ, ಬೇರೆಯವರ ಕೈಗೆ ಗುದ್ದಲಿ ಕೊಟ್ಟಿರಲಿಲ್ಲ. ಪ್ರತಿ ಜುಮ್ಮಾ ನಮಾಜು ಮುಗಿಸಿ ಒಂದು ತಂಬಿಗೆ ನೀರು ಹಿಡಿದು ಹೋಗಿ ಮಣ್ಣಿನ ಮೇಲೆ ಚಿಮುಕಿಸಿ, ಫಾತಿಹಾ ಓದಿ, ಸ್ವಲ್ಪ ಹೊತ್ತು ಕೂತು ಬರುತ್ತಿದ್ದ. ಹೆಂಗಸರು ಖಬರಸ್ತಾನದ ಒಳಗೆ ಹೋಗುವ ರೂಢಿ ಇಲ್ಲ. ಹೆಂಡತಿ ಶಮೀಮಾಬಿ ಬಾಗಿಲಲ್ಲಿ ನಿಂತು "ಹೋಗಿ ಬಂದ್ರೇನ್ರಿ?" ಎಂದು ಕೇಳುತ್ತಿದ್ದಳು. ಇವನು "ಹೂಂ, ಆರಾಮ ಅದಾಳ" ಎನ್ನುತ್ತಿದ್ದ. ಹನ್ನೊಂದು ವರ್ಷ ಆ ಮನೆಯಲ್ಲಿ ಮಗಳ ಬಗ್ಗೆ ಆಡುತ್ತಿದ್ದ ಮಾತು ಇದಿಷ್ಟೇ, ಆದರೆ ಒಂದು ವಾರವೂ ತಪ್ಪಿದ್ದಿಲ್ಲ.

ಜಾಸ್ಮಿನ್ ಹೋದ ಎರಡನೆಯ ವರ್ಷ ಹಳ್ಳಕ್ಕೆ ಕೆಳಗಡೆ ಬಾಂದಾರ ಕಟ್ಟಿದರು. ಬೇಸಿಗೆಯಲ್ಲೂ ನೀರು ನಿಲ್ಲುವಂತಾಯಿತು ಎಂದು ಊರು ಖುಷಿಪಟ್ಟಿತು, ಖುಷಿಪಡುವಂಥದ್ದೇ. ಒಣಗಿ ಬಿದ್ದಿರುತ್ತಿದ್ದ ಹಳ್ಳದಲ್ಲಿ ಈಗ ವರ್ಷವಿಡೀ ಎದೆಮಟ್ಟದ ನೀರು. ಮಳೆ ಹೊಡೆದರೆ ಹೊಸ ನೀರು ತಳದಿಂದ ಏರಬೇಕಾಗಿರಲಿಲ್ಲ, ನಿಂತ ನೀರಿನ ಮೇಲೆಯೇ ಏರಿ ಬಂದು ನೇರವಾಗಿ ದಿಬ್ಬದ ನೆತ್ತಿಯನ್ನು ಮುಟ್ಟುತ್ತಿತ್ತು. ಮುಂದಿನ ಹರಳನ್ನು ಎತ್ತಿ ನೆತ್ತಿ ದಾಟಿಸಿ ಹಿಂದಕ್ಕೆ ಚೆಲ್ಲುತ್ತಿತ್ತು. ಮುಂದೆ ಕರಗಿದಷ್ಟು ಹಿಂದೆ ಬೆಳೆಯಿತು. ನಿದ್ದೆಯಲ್ಲಿ ಮಗ್ಗುಲು ಬದಲಿಸಿದವನ ಹಾಗೆ ದಿಬ್ಬ ಊರ ಕಡೆಗೆ ಹೊರಳಿತು. ಆದರೆ ನೀರಿಳಿದ ಮೇಲೆ ನೋಡಿದರೆ ಅದೇ ಎತ್ತರ, ಅದೇ ದೊಡ್ಡ ಕಲ್ಲು ಮೇಲೆ, ಸಣ್ಣ ಹರಳು ಕೆಳಗೆ. ಇಸ್ಮಾಯಿಲಸಾಬ ನೆತ್ತಿಯ ಮೇಲೆ ನಿಂತು ಹನ್ನೆರಡು ಹೆಜ್ಜೆ ಎಣಿಸಿದ, ಬುಟ್ಟಿಯಿಂದ ಬಿಳಿ ಹರಳು ತೆಗೆದು ಮಗಳ ಸುತ್ತ ಸಾಲು ಇಟ್ಟ.

ಮೊದಲು ಕಂಡವನು ಕುಬೇರಪ್ಪ. ಹೊಲದವನಿಗೆ ಕಾಣದೆ ಇನ್ನಾರಿಗೆ ಕಾಣಬೇಕು? ಇಬ್ಬರೂ ಒಂದೇ ವಾರಗೆಯವರು, ಒಂದೇ ಕೆರೆಯಲ್ಲಿ ಈಜು ಕಲಿತವರು, ಒಬ್ಬರಿಗೊಬ್ಬರು ಲೇ ಎಂದೇ ಕರೆಯುತ್ತಿದ್ದವರು.

"ಲೇ ಇಸ್ಮಾಯಿಲ, ನಿನ್ನ ದಿಬ್ಬ ಎರಡ ಹೆಜ್ಜಿ ಈ ಕಡೆ ಸರದೈತಿ ನೋಡು," ಎಂದ ಬಾಂದಾರ ಆದ ವರ್ಷ.

"ದಿಬ್ಬಕ್ಕೇನ ಕಾಲ ಅದಾವೇನಲೇ?" ಎಂದು ಇವನು ನಕ್ಕ.

ಎರಡು ಸಾವಿರದ ಹತ್ತೊಂಬತ್ತರ ಆಗಸ್ಟಿನಲ್ಲಿ ಮೂರು ದಿನ ಹಗಲು ರಾತ್ರಿ ಹೊಡೆದ ಮಳೆಯಲ್ಲಿ ಹಳ್ಳ ಊರ ಬಾಗಿಲಿಗೆ ಬಂತು. ಆ ಸಲ ಕುಬೇರಪ್ಪ ಹಗ್ಗ ಹಿಡಿದು ಅಳೆದು ಬಂದು ಹೇಳಿದ, "ಹನ್ನೊಂದು. ಒಂದ ಮಳಿಗೆ ಹನ್ನೊಂದ ಹೆಜ್ಜಿ." ಇಸ್ಮಾಯಿಲಸಾಬ ಈ ಸಲ ನಗಲಿಲ್ಲ. ಕುಬೇರಪ್ಪನ ಹೊಲದ ಅಂಚಿನಲ್ಲಿ ಹಳೆಯ ಬಾಂದಗಲ್ಲು ಒಂದಿತ್ತು, ಎರಡೂ ಜಾಗಕ್ಕೆ ಅದೇ ಗಡಿ. ಮೊದಲು ದಿಬ್ಬದಿಂದ ಆ ಕಲ್ಲಿಗೆ ತೊಂಬತ್ತು ಹೆಜ್ಜೆ. ಈಗ ಇವನು ಎಣಿಸಿದರೂ ಎಪ್ಪತ್ತೇಳೇ ಆಯಿತು. ದಿಬ್ಬ ಸರಿಯುವುದಿಲ್ಲ. ಹಾಗಾದರೆ ಸರಿದದ್ದು ಕಲ್ಲು. ಕಲ್ಲು ತಾನಾಗಿ ಸರಿಯುವುದಿಲ್ಲ. ಸರಳ ಲೆಕ್ಕ, ಅಷ್ಟೇ ಸರಳವಾಗಿ ಒಂದು ಗೆಳೆತನ ಹಾಳಾಯಿತು.

ಇಪ್ಪತ್ತೆರಡರ ಮಳೆಯಲ್ಲಿ ಇನ್ನೂ ಐದು ಹೆಜ್ಜೆ ಹೋದ ಮೇಲೆ ವಿಷಯ ಪಂಚರ ಮುಂದೆ ಬಂತು. ಕುಬೇರಪ್ಪನ ಮಗಳು ರೋಹಿಣಿ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾಳೆ. ಆಕೆಯೂ ಬಂದು ನಿಂತಳು. ಮೊಬೈಲಿನಲ್ಲಿ ಯಾವುದೋ ಪರದೇಶದ ಸಮುದ್ರದ ಚಿತ್ರ ತೋರಿಸಿದಳು. ಅಲ್ಲಿ ಉಸುಕಿಲ್ಲ, ದಂಡೆಯ ತುಂಬ ಹರಳೇ ಹರಳು, ನಮ್ಮ ದಿಬ್ಬದ ಹತ್ತರಷ್ಟು ಎತ್ತರ.

"ಕಾಕಾ, ಸಮುದ್ರದ ನೀರು ಮಟ್ಟ ಏರಿತು ಅಂದ್ರ ಈ ದಂಡಿ ಇದ್ದಲ್ಲೆ ಇರೂದಿಲ್ರಿ," ಎಂದಳು ಇಸ್ಮಾಯಿಲಸಾಬನಿಗೆ. "ಬಿರುಗಾಳಿ ಬಂದಾಗೊಮ್ಮೆ ತೆರಿ ಕಲ್ಲು ಎತ್ತಿ ಹಿಂದ ಒಗೀತದ. ದಂಡಿ ಹಂಗ ಭೂಮಿ ಕಡೆ ನಡಕೋತ ಬರ್ತದ. ಹಿಂದ ಇದ್ದ ಗಿಡ, ಕೆಸರು ಎಲ್ಲಾ ಅದರ ಕೆಳಗ ಹೊಕ್ಕು ಒಂದಿನ ಮುಂದಿನ ಕಡೆ, ನೀರಿನ ಬಾಜು ಹೊರಗ ಬೀಳ್ತಾವ. ಇಲ್ಲೆ ಬಾಂದಾರ ನೀರ ಮಟ್ಟ ಏರಿಸೇತಿ, ಮಳಿ ಕಲ್ಲ ಒಗದೈತಿ. ಎರಡೂ ಒಂದ ರಿ."

ಇಸ್ಮಾಯಿಲಸಾಬ ಚಿತ್ರವನ್ನು ಚೆನ್ನಾಗಿಯೇ ನೋಡಿದ. ಕಲ್ಲು ಓದುವವನಿಗೆ ಆ ದಂಡೆಯ ನೆತ್ತಿ, ಇಳಿಜಾರು, ಹಿಂದೆ ಚೆಲ್ಲಿದ ಹರಳು ಎಲ್ಲವೂ ಅರ್ಥವಾಗುವಂತಿತ್ತು. ಆದರೆ ಅರ್ಥ ಮಾಡಿಕೊಂಡರೆ ಜಾಸ್ಮಿನ್ ಎಲ್ಲಿದ್ದಾಳೆ ಎಂಬ ಪ್ರಶ್ನೆ ಬರುತ್ತಿತ್ತು. ಆ ಪ್ರಶ್ನೆಯ ಹೊಸಿಲ ತನಕ ಹೋಗಿ ಅವನು ತಿರುಗಿ ಬಂದ. ಇದನ್ನು ನಾನು ಮುಚ್ಚಿಡುವುದಿಲ್ಲ. ಅವನು ದಡ್ಡನಾಗಿರಲಿಲ್ಲ, ಹೆದರಿದ್ದ.

"ಸಮುದ್ರ ಸಮುದ್ರ, ಹಳ್ಳ ಹಳ್ಳನವಾ," ಎಂದ. "ನಮ್ಮವರ ಖಬರ ಎಲ್ಲೆ ಅದಾವ ಅನ್ನೂದು ನನಗ ಗೊತ್ತೈತಿ. ನಾ ಎಣಿಸಿ ತೋರಸ್ತೇನಿ."

ಎಲ್ಲರನ್ನೂ ಕರೆದುಕೊಂಡು ಹೋಗಿ ನೆತ್ತಿಯಿಂದ ಎಣಿಸಿ ತೋರಿಸಿದ. ಕೊನೆಯ ಸಾಲಿನ ಖಬರುಗಳು ಅವನ ಲೆಕ್ಕದಲ್ಲಿ ಕುಬೇರಪ್ಪನ ಹತ್ತಿ ಗಿಡಗಳ ನಡುವೆ ಬಿದ್ದವು. ಸತ್ತವರ ಮೇಲೆ ನೇಗಿಲು ಹೂಡಿದ್ದಾನೆ ಎಂದು ಜನ ಕುಬೇರಪ್ಪನ ಮುಖ ನೋಡಿದರು. ದಿನಾ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದ ಮನುಷ್ಯ ಅವನು. ಕೊನೆಗೆ ಹೇಳಿದ, "ಹದಿನೆಂಟ ಹೆಜ್ಜಿ ಭೂಮಿ ಬೇಕಂದ್ರ ತಗೊಳ್ರಿ. ಆದ್ರ ಬಾಂದಗಲ್ಲ ಮಾತ್ರ ನಾ ಕೀಳಂಗಿಲ್ಲ. ಅದು ನಮ್ಮಪ್ಪ ನೆಟ್ಟಲ್ಲೇ ಐತಿ." ಬೇಲಿ ಹಿಂದಕ್ಕೆ ಹೋಯಿತು, ಕಲ್ಲು ಖಬರಸ್ತಾನದೊಳಗೆ ಉಳಿಯಿತು. ಅಂದಿನಿಂದ ಇಬ್ಬರೂ ಎದುರಾದರೆ ರಿ ಹಚ್ಚಿ ಮಾತಾಡತೊಡಗಿದರು. ಲೇ ಎನ್ನುತ್ತಿದ್ದವರು ಬರ್ರಿ ಹೋಗ್ರಿ ಎನ್ನಹತ್ತಿದರೆ ಇನ್ನು ಉಳಿದದ್ದೇನು?

ಕಳೆದ ಮಳೆಗಾಲ ಮುಗಿದಾಗ ದಿಬ್ಬದ ಮುಂದಿನ ಇಳಿಜಾರಿನಲ್ಲಿ, ನೀರಿನ ಕಡೆಗೆ, ಎರಡು ಚಪ್ಪಡಿ ಕಲ್ಲು ಹೊರಬಿದ್ದವು. ಖಬರಿನೊಳಗೆ ಹೆಣದ ಮೇಲೆ ಅಡ್ಡ ಇಡುವಂಥವು. ಬಹಳ ಹಿಂದಿನವರದಿರಬೇಕು ಎಂದು ಇಸ್ಮಾಯಿಲಸಾಬ ಹೇಳಿದ, ಜನ ಒಪ್ಪಿದರು, ಆದರೆ ದಿಗಿಲು ಹೋಗಲಿಲ್ಲ. ಜಮಾತಿನ ಕೆಲಸ ನೋಡುವ ಜಹೀರ್ ಓಡಾಡಿ ಊರ ಬಡಗಣ ದಿನ್ನೆಯ ಮೇಲೆ ಹೊಸ ಜಾಗ ಮಾಡಿಸಿದ. ನೀರಿನ ಪಾಲಾಗುವ ಭಯ ಇದ್ದರೆ ಖಬರ ಸ್ಥಳಾಂತರ ಮಾಡಬಹುದು ಎಂದು ಮೌಲಾನಾರ ಒಪ್ಪಿಗೆಯೂ ಬಂತು. ಮೇ ತಿಂಗಳಲ್ಲಿ, ದೊಡ್ಡ ಮಳೆ ಬರುವ ಮುಂಚೆ, ಮೊದಲು ಮಕ್ಕಳ ಸಾಲು ಎತ್ತುವುದೆಂದು ಆಯಿತು.

ಆ ದಿನ ಹೆಂಗಸರಿಗೂ ಬರಲು ಬಿಟ್ಟರು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ರಸ್ತೆಯ ಬದಿಯ ಜಾಲಿ ಗಿಡದ ಕೆಳಗೆ ನಿಂತರು. ಪ್ರತಿಯೊಬ್ಬರ ಕೈಯಲ್ಲೂ ಹೊಸ ಬಿಳಿ ಬಟ್ಟೆ ಇತ್ತು. ಹಲೀಮಾಬಿಯದು ಕೈವಸ್ತ್ರಕ್ಕಿಂತ ಸ್ವಲ್ಪ ದೊಡ್ಡದು. ಶಮೀಮಾಬಿ ಮನೆಯಿಂದ ಹೊರಡುವ ಮೊದಲು ಗಂಡನಿಗೆ ಹೇಳಿದ್ದಳು, "ಇವತ್ತರ ನಾ ಆಕೀನ್ನ ನೋಡ್ತೇನಿ. ಮುಚ್ಚಿ ಕಟ್ಟಿದ್ರೂ ಬರ್ತೈತಿ, ಕೈಯಾಗ ಹಿಡೀತೇನಿ ಒಂದ ಗಳಿಗಿ." ಅವನು ಹೂಂ ಎಂದಿದ್ದ. ಆ ಒಂದು ಗಳಿಗೆಗಾಗಿ ಆಕೆ ಹನ್ನೊಂದು ವರ್ಷ ಬಾಗಿಲಲ್ಲಿ ನಿಂತಿದ್ದಾಳೆ ಎಂಬುದು ಅವನಿಗೆ ಆಗಲೇ ತಿಳಿದದ್ದು.

ಮೊದಲು ಜಾಸ್ಮಿನ್‌ಳದನ್ನೇ ತೆಗೆಯುವುದೆಂದು ಜಹೀರ್ ಹೇಳಿದ. ಇಸ್ಮಾಯಿಲಸಾಬನ ಮೇಲೆ ಎಲ್ಲರ ಭರವಸೆ ಇತ್ತು, ಅವನ ಲೆಕ್ಕ ತನ್ನ ಮನೆಯದರಿಂದಲೇ ಶುರುವಾಗಲಿ ಎಂದು. ಇವನು ನೆತ್ತಿಯ ಮೇಲೆ ನಿಂತು ಬಿಸ್ಮಿಲ್ಲಾ ಎಂದು ಹನ್ನೆರಡು ಎಣಿಸಿದ. ಅವನೇ ಕಳೆದ ವರ್ಷ ಇಟ್ಟ ಬಿಳಿ ಹರಳಿನ ಸಾಲು ಕಾಲಿಗೆ ತಾಗಿತು. ಗುದ್ದಲಿ ಹಾಕಿದ.

ಮೊಣಕಾಲಿನ ಆಳದಲ್ಲಿ ಹರಳೇ ಬಂತು. ಇಷ್ಟು ಹರಳು ಆಗ ಇರಲಿಲ್ಲವಲ್ಲ ಎಂದುಕೊಂಡ. ಸೊಂಟದ ಆಳಕ್ಕೆ ಹೋದ. ಮಗಳ ಮೇಲೆ ಇಟ್ಟದ್ದು ಮೂರು ಸಣ್ಣ ಚಪ್ಪಡಿ, ಅವುಗಳ ಅಂಚನ್ನು ಅವನೇ ಕಲ್ಲಿಗೆ ತಿಕ್ಕಿ ನಯ ಮಾಡಿದ್ದ. ಅವು ಸಿಗಲಿಲ್ಲ. ಗಂಡಸರು ಸುತ್ತಲೂ ಬಗ್ಗಿ ನೋಡುತ್ತಿದ್ದರು. "ಸ್ವಲ್ಪ ಬಾಜು ನೋಡೂಣೇನ್ರಿ ಚಾಚಾ?" ಎಂದ ಜಹೀರ್. ಇಸ್ಮಾಯಿಲಸಾಬ ಇನ್ನೂ ಕೆಳಗೆ ಹೋದ. ನಿಲ್ಲಬೇಕಾದಲ್ಲಿ ನಿಲ್ಲದೆ ಹೋದ. ಎದೆಯ ಆಳದಲ್ಲಿ ಗುದ್ದಲಿ ಠಣ್ ಎಂದಿತು. ಚಪ್ಪಡಿಯೇ, ಆದರೆ ದೊಡ್ಡವು, ಐದು. ದೊಡ್ಡ ಆಳಿನ ಖಬರ.

ಮೊದಲ ಚಪ್ಪಡಿ ಎತ್ತಿ ಕೈಯಿಂದ ಮಣ್ಣು ಸರಿಸಿದ. ತೊಡೆಯ ಎಲುಬು ಕಂಡಿತು. ಅದರ ಉದ್ದಕ್ಕೂ ಒಂದು ಸ್ಟೀಲಿನ ಸರಳು, ನಾಲ್ಕು ಸ್ಕ್ರೂ, ಇನ್ನೂ ಹೊಳೆಯುತ್ತಿತ್ತು.

ಊರಲ್ಲಿ ಕಾಲಿಗೆ ಸರಳು ಹಾಕಿಸಿಕೊಂಡವನು ಒಬ್ಬನೇ, ದಾವೂದಸಾಬ. ಟ್ರ್ಯಾಕ್ಟರ್ ಟ್ರೇಲರಿನ ಅಡಿ ಬಿದ್ದು ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿಸಿಕೊಂಡು ಬಂದು, ತನ್ನ ತೂಕ ಎರಡು ಕಿಲೋ ಹೆಚ್ಚಾಗಿದೆ ಎಂದು ಎಲ್ಲರನ್ನೂ ನಗಿಸುತ್ತಿದ್ದವನು. ಸತ್ತದ್ದು ಜಾಸ್ಮಿನ್ ಸತ್ತ ವರ್ಷವೇ, ಅವಳಿಗಿಂತ ಎರಡು ತಿಂಗಳು ಮೊದಲು. ಅವನನ್ನು ಹೂತದ್ದೂ ಇಸ್ಮಾಯಿಲಸಾಬನೇ. ಜಾಸ್ಮಿನ್‌ಳ ನೇರಕ್ಕೇ, ಆದರೆ ಬಹಳ ಹಿಂದೆ. ದಿಬ್ಬದಿಂದ ಮೂವತ್ತೆರಡು ಹೆಜ್ಜೆ.

ಖಬರ ನಡೆಯುವುದಿಲ್ಲ. ಕಾಲಲ್ಲಿ ಕಬ್ಬಿಣ ಇದ್ದವನು ಅಂತೂ ನಡೆಯುವುದಿಲ್ಲ. ಮೂವತ್ತೆರಡರಲ್ಲಿ ಇದ್ದವನು ಹನ್ನೆರಡರಲ್ಲಿ ಸಿಕ್ಕಿದ್ದಾನೆ ಎಂದರೆ ಇಪ್ಪತ್ತು ಹೆಜ್ಜೆ ಬಂದದ್ದು ದಿಬ್ಬ. ಇಸ್ಮಾಯಿಲಸಾಬ ವರ್ಷಗಟ್ಟಲೆ ನೀರು ಚಿಮುಕಿಸಿದ್ದು, ಓದಿದ್ದು, ಕೂತದ್ದು, ಆರಾಮ ಅದಾಳ ಎಂದದ್ದು, ಎಲ್ಲ ಎಲ್ಲಿಯದೋ ಮಣ್ಣಿನ ಮೇಲೆ, ಯಾರದೋ ಎದೆಯ ಮೇಲೆ.

"ಇದು ದಾವೂದಸಾಬ," ಎಂದ ತೆಗ್ಗಿನೊಳಗಿಂದ. ಮೇಲೆ ನಿಂತವರಿಗೆ ಅರ್ಥವಾಗಲಿಲ್ಲ. ದಾವೂದಸಾಬ ಯಾಕೆ ಇಲ್ಲಿ, ಅವನದು ಹಿಂದಿನ ಸಾಲು ಎಂದು ಒಬ್ಬರಿಗೊಬ್ಬರು ಕೇಳತೊಡಗಿದರು.

ಅರ್ಥವಾದದ್ದು ಬೇಲಿಯ ಆಚೆ ನಿಂತಿದ್ದ ಕುಬೇರಪ್ಪನಿಗೆ. ಅವನನ್ನು ಯಾರೂ ಕರೆದಿರಲಿಲ್ಲ, ಹೊಲಕ್ಕೆ ಬಂದವನು ನಿಂತಿದ್ದ ಅಷ್ಟೇ. ಬೇಲಿ ದಾಟಿ ಬಂದ, ಚಪ್ಪಲಿ ಹೊರಗೆ ಬಿಟ್ಟು. ಈಗ ಅವನು ಏನು ಬೇಕಾದರೂ ಅನ್ನಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ತೆಗ್ಗಿನ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದ, "ಹದಿನೆಂಟು ಅಂದಿದ್ನೆಲ್ಲಲೇ ಇಸ್ಮಾಯಿಲ. ಹ್ವಾದ ವರ್ಷದ್ದು ಎರಡು ಕೂಡಿತು."

"ಆಕಿ ಎಲ್ಲೆ ಬರ್ತಾಳ ಹಂಗಾರ?" ಎಂದು ಇಸ್ಮಾಯಿಲಸಾಬ ಕೇಳಿದ. ಲೆಕ್ಕ ಅವನಿಗೆ ಗೊತ್ತಿತ್ತು, ಬೇರೆಯವರ ಬಾಯಿಂದ ಬೇಕಾಗಿತ್ತು.

ಕುಬೇರಪ್ಪ ಎದ್ದು ಬಾಂದಗಲ್ಲಿಗೆ ಹೋದ. ಅಲ್ಲಿಂದ ದಿಬ್ಬದ ಕಡೆ ಮುಖ ಮಾಡಿ ಗಟ್ಟಿಯಾಗಿ ಎಣಿಸುತ್ತ ಬಂದ. ತೆಗ್ಗನ್ನು ಬಳಸಿದ, ದಿಬ್ಬ ಹತ್ತಿದ, ನೆತ್ತಿ ದಾಟಿ ಆ ಕಡೆ ಇಳಿದ. ಇವರೆಲ್ಲ ನೆತ್ತಿಯ ತನಕ ಹೋಗಿ ನಿಂತು ನೋಡಿದರು. ಎಪ್ಪತ್ತೆಂಟು ಎಂದಾಗ ಕುಬೇರಪ್ಪ ಧೋತರ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಅವನ ಕಾಲ ಸುತ್ತ ಬರೀ ಹರಳು, ಬಿಳಿಯವು, ಕಂದು ಬಣ್ಣದವು, ನುಣ್ಣಗೆ ತೊಳೆದಂಥವು. ತಿರುಗಿ ಇವನ ಮುಖ ನೋಡಿದ, ಕೈ ಮಾಡಿ ತೋರಿಸಲಿಲ್ಲ. ಬೇಕಾಗಿಯೂ ಇರಲಿಲ್ಲ.

ಇಸ್ಮಾಯಿಲಸಾಬ ದಿಬ್ಬ ಇಳಿದು ರಸ್ತೆಯ ಕಡೆಗೆ ನಡೆದ. ಬೇರೆ ಯಾರಾದರೂ ಹೋಗಿ ಹೇಳಲಿ ಎಂದು ಒಂದು ಕ್ಷಣ ಅನಿಸಿತು. ಒಂದು ಹಿಡಿ ಮಣ್ಣು ಕಟ್ಟಿ ಕೊಟ್ಟು ಇದೇ ನೋಡು ಎಂದುಬಿಡಲೇ ಎಂದೂ ಅನಿಸಿತು. ಎಳೆ ಎಲುಬು ಮಣ್ಣಾಗುತ್ತದೆ ಎಂದರೆ ನಂಬುತ್ತಿದ್ದಳು. ಆದರೆ ಆಕೆಯ ಮುಂದೆ ನಿಂತಾಗ ಬಾಯಿಗೆ ನಿಜವೇ ಬಂತು.

"ಇಲ್ಲ ಶಮೀಮಾ. ಹಳ್ಳ ಒಯ್ದೈತಿ. ನಾ ಕುಂದರತಿದ್ದದ್ದು ಬ್ಯಾರೇದವರ ಖಬರ."

ಶಮೀಮಾಬಿ ಅಳಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಇನ್ನೊಂದು ಮಡಿಕೆ ಮಡಿಚಿದಳು. "ಯಾವ ಮಳಿಗೆ ಹೋದ್ಲು?" ಎಂದು ಕೇಳಿದಳು.

ಯಾವ ಕಲ್ಲನ್ನು ಯಾವ ಮಳೆ ತಂದಿತು ಎಂದು ಹೇಳಬಲ್ಲವನನ್ನು ಇನ್ನೇನು ಕೇಳಬೇಕು ಆಕೆ? ಅವನು ಎಣಿಸಿದ. ಕುಬೇರಪ್ಪ ವರ್ಷ ವರ್ಷ ಬಂದು ಹೇಳಿದ ಅಂಕಿಗಳು ಒಂದೂ ಮರೆತಿರಲಿಲ್ಲ, ಒಂದೊಂದಕ್ಕೂ ಜಗಳಾಡಿದ್ದ. ಮೊದಲ ವರ್ಷ ಎರಡು. ಆಮೇಲೆ ಆ ದೊಡ್ಡ ಮಳೆಗೆ ಹನ್ನೊಂದು. ಕೂಡಿಸಿದರೆ ಹದಿಮೂರು. ಹನ್ನೆರಡರಲ್ಲಿ ಇದ್ದವಳು ನೆತ್ತಿಯಿಂದ ಒಂದು ಹೆಜ್ಜೆ ಆಚೆ, ನೀರಿನ ಬಾಜು.

"ಹತ್ತೊಂಬತ್ತರ ಮಳಿಗೆ," ಎಂದ. ಎಂದವನು ಹಾಗೇ ನಿಂತ, ಯಾಕೆಂದರೆ ಆ ವರ್ಷ ನೀರಿಳಿದ ಮೇಲೆ ಹರಳು ಕೂಡಿಸಲು ಹೋದ ದಿನ ಕಣ್ಣ ಮುಂದೆ ಬಂತು. ಮೇಲಿನ ಊರಿನ ಕುರಿ ಹಿಂಡೊಂದು ಆ ಮಳೆಯಲ್ಲಿ ಕೊಚ್ಚಿಹೋಗಿ ಹಳ್ಳದುದ್ದಕ್ಕೂ ಸತ್ತ ಕುರಿಗಳು ಬಿದ್ದಿದ್ದವು. ದಿಬ್ಬದ ಆ ಕಡೆಯ ಇಳಿಜಾರಿನಲ್ಲಿ, ನೆತ್ತಿಗೆ ಹತ್ತಿರ, ಹರಳುಗಳ ನಡುವೆ ಅವನಿಗೆ ಸಣ್ಣ ಸಣ್ಣ ಎಲುಬು ಸಿಕ್ಕಿದ್ದವು, ಬೆಳ್ಳಗೆ, ಹಗುರವಾಗಿ. ಮರಿಕುರಿಯದು ಎಂದುಕೊಂಡಿದ್ದ. ನಾಯಿಗಳು ಎಳೆದಾಡಿ ಖಬರಸ್ತಾನ ಹೊಲಸು ಮಾಡಬಾರದು ಎಂದುಕೊಂಡಿದ್ದ.

ಇದನ್ನು ಹೇಳದೆಯೂ ಇರಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಶಮೀಮಾಬಿ ಅವನ ಮುಖ ನೋಡುತ್ತಿದ್ದಳು, ಮೂವತ್ನಾಲ್ಕು ವರ್ಷ ನೋಡಿದ ಮುಖ.

"ನೀರ ಇಳದ ಮ್ಯಾಲೆ ನೀವ ಹೋಗಿದ್ರೆಲ್ಲ," ಎಂದಳು. "ಏನೂ ಕಾಣಲಿಲ್ಲೇನ್ರಿ?"

"ಕಂಡಿತ್ತು. ಕುರಿ ಎಲುಬ ಅಂತ ತಿಳಕೊಂಡೆ. ಬುಟ್ಟಿಯೊಳಗ ಆರಿಸಿ ತುಂಬಿ, ಹಳ್ಳಕ್ಕ ಒಗದೆ."

"ಎಲ್ಲಾ?"

"ಒಂದೂ ಬಿಡಲಿಲ್ಲ."

"ಆಮ್ಯಾಲೆ ಕೈ ತೊಳಕೊಂಡ್ರೇನು?"

"ಹೂಂ."

"ಮನಿಗೆ ಬಂದು ಆರಾಮ ಅದಾಳ ಅಂದ್ರಿ."

ಅವನು ತಲೆಯಾಡಿಸಿದ. ಶಮೀಮಾಬಿ ಬಟ್ಟೆಯನ್ನು ಅವನ ಕೈಯಲ್ಲಿಟ್ಟು, ಅವನನ್ನು ದಾಟಿಕೊಂಡು, ಖಬರಸ್ತಾನದ ಒಳಗೆ ನಡೆದಳು. ಗಂಡಸರು ದಾರಿ ಬಿಟ್ಟರು, ಯಾರೂ ತಡೆಯಲಿಲ್ಲ. ದಿಬ್ಬ ಹತ್ತುವುದು ಆಕೆಗೆ ಹೊಸದು, ಕಾಲ ಕೆಳಗೆ ಹರಳು ಜಾರುತ್ತಿತ್ತು. ಎರಡು ಸಲ ಕೈಯೂರಿ ಎದ್ದಳು. ನೆತ್ತಿ ದಾಟಿದ ಮೇಲೆ ಇಲ್ಲಿಂದ ಕಾಣಲಿಲ್ಲ.

ಇಸ್ಮಾಯಿಲಸಾಬ ಹಿಂದೆ ಹೋಗಬೇಕೆಂದು ತಿರುಗಿದ. ಆಗ ಪಕ್ಕದಿಂದ ಹಲೀಮಾಬಿ ಅವನ ತೋಳು ಹಿಡಿದಳು. ಆಕೆಗೆ ಕಿವಿ ಮಂದ, ಇಲ್ಲಿ ನಡೆದ ಮಾತು ಎಷ್ಟು ಕೇಳಿಸಿತೋ ಏನೋ. ಮಡಿಚಿದ ಸಣ್ಣ ಬಟ್ಟೆಯನ್ನು ಎದೆಗೆ ಹಿಡಿದುಕೊಂಡಿದ್ದಳು.

"ಭಾಯಿ," ಎಂದಳು, "ನನ್ನ ಕೂಸಿಂದು ಎಷ್ಟ ಹೆಜ್ಜಿ ಇತ್ತು?"

ಆಕೆಯ ಹಿಂದೆ ಉಳಿದ ತಾಯಂದಿರೂ ಹತ್ತಿರ ಬಂದು ನಿಂತಿದ್ದರು. ಎಲ್ಲರ ಲೆಕ್ಕವೂ ಅವನ ತಲೆಯಲ್ಲಿತ್ತು, ಒಂದೂ ತಪ್ಪಿರಲಿಲ್ಲ.

"ಒಂಬತ್ತು," ಎಂದ ಇಸ್ಮಾಯಿಲಸಾಬ.